ಏರಿನಲ್ಲಿ ನಿಲ್ಲುವ ಗಾಡಿ

"ಎಂಜಿನ್ನಿನ ಕ್ರ್ಯಾಂಕೇ ತುಂಡಾಗಿದೆ," ಎನ್ನುತ್ತಾ ಧರ್ಮೇಂದ್ರ ಕಾರಿನ ಅಡಿಯಿಂದ ಬೆನ್ನು ಜಾರಿಸಿಕೊಂಡು ಹೊರಗೆ ಬಂದ. ಗೋಣಿಕೊಪ್ಪದಿಂದ ಬೆಳಿಗ್ಗೆಯೇ ಬಂದಿದ್ದ ಮೆಕ್ಯಾನಿಕ್ಕು, ಮೂಗಿನ ತುದಿಯವರೆಗೂ ಎಣ್ಣೆ ಬಳಿದುಕೊಂಡಿದ್ದ. "ಎಲ್ಲಿಂದ ತರೋದು ಇದನ್ನ? ಕಂಪನಿ ಕಾರು ಮಾಡೋದು ಬಿಟ್ಟು ಅರವತ್ತು ವರ್ಷ ಆಗ್ತಾ ಬಂತು. ಅಮೆರಿಕಾದಲ್ಲಿ ಹಳೇ ಸಾಮಾನು ಇಟ್ಟಿರೋ ಒಬ್ಬನ ನಂಬರು ಉಂಟು, ಕೇಳ್ತೇನೆ. ಸಿಕ್ಕಿದ್ರೂ ಈ ಮಳೆಗಾಲ ಕಳೀಬೇಕು."

ಕಾರಿನ ಯಜಮಾನಿ ಬೋಜಮ್ಮ, ವಿಮಾನದ ಮೂತಿಯ ಹಾಗೆ ಮುಂದಕ್ಕೆ ಚಾಚಿಕೊಂಡ ಸ್ಟುಡಿಬೇಕರ್ ಕಾರಿನ ಮೂಗಿನ ಮೇಲೆ ಒಮ್ಮೆ ಕೈಯಾಡಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಮನೆಯ ಕಡೆ ನಡೆದುಬಿಟ್ಟರು. ಅವರು ಅಷ್ಟು ದೂರ ಹೋದದ್ದನ್ನು ನೋಡಿಕೊಂಡು ಧರ್ಮೇಂದ್ರ ದನಿ ತಗ್ಗಿಸಿದ.

"ಸಿದ್ದಣ್ಣ, ಈ ಗಾಡಿಗೆ ಹಿಲ್ ಹೋಲ್ಡರ್ ಇರ್ಬೇಕಲ್ವಾ? ಅಮ್ಮ ಯಾವಾಗ್ಲೂ ಹೇಳ್ತಾರೆ. ಅಡಿಯಲ್ಲಿ ನೋಡಿದ್ರೆ ಬರೀ ಪೈಪ್ ಉಂಟು."

"ಬಾಯ್ಮುಚ್ಚು ಮಾರಾಯ!" ಎಂದ ಸಿದ್ದ. ಎಪ್ಪತ್ತು ವರ್ಷದ ಆ ಹಳೇ ಡ್ರೈವರ್ ಮನೆಯ ಕಡೆ ಒಮ್ಮೆ ತಿರುಗಿ ನೋಡಿದ. "ನಿಂಗೆ ಕಾಫಿ ಮಾಡಿಸ್ತೇನೆ, ಬೇಕಾದ್ರೆ ಊಟಾನೂ ಹಾಕಿಸ್ತೇನೆ. ಅದೊಂದು ಮಾತು ಮಾತ್ರ ಇಲ್ಲೇ ನುಂಗಿಬಿಡು."

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಸಿದ್ದನ ಸುಳ್ಳಿಗೆ ನಾಲ್ಕು ಚಕ್ರವಿದ್ದವು. ಮೂವತ್ತು ವರ್ಷದಿಂದ ಹುದಿಕೇರಿಯ ರಸ್ತೆಗಳಲ್ಲಿ ಹಾಯಾಗಿ ಓಡಾಡಿಕೊಂಡಿತ್ತು.

ಆ ಸುಳ್ಳಿಗಿಂತ ಮೊದಲು ಒಂದು ಜೀಪಿನ ಕಥೆಯುಂಟು. ಬೋಜಮ್ಮ ಮದುವೆಯಾಗಿ ಈ ಎಸ್ಟೇಟಿಗೆ ಬಂದ ಹೊಸತು. ಗಂಡ ಸೈನ್ಯದಲ್ಲಿ, ವರ್ಷಕ್ಕೊಮ್ಮೆ ರಜೆ. ಮನೆಯವರಲ್ಲೇ ಗಾಡಿ ಬಿಡುವವರು ಒಬ್ಬರಾದರೂ ಬೇಕೆಂದು ಮಾವನವರು ಸೊಸೆಗೆ ಜೀಪು ಕಲಿಸಲು ಡ್ರೈವರ್ ಸಿದ್ದನಿಗೆ ಹೇಳಿದ್ದರು. ಮನೆಯಿಂದ ಟಾರು ರಸ್ತೆ ಸೇರಬೇಕಾದರೆ ಕಲ್ಲುಮೊಟ್ಟೆ ಏರು ಹತ್ತಲೇಬೇಕು. ಒಂದು ದಿನ ಆ ಏರಿನ ನಡುವೆ ಜೀಪು ನಿಂತುಹೋಯಿತು. ಚಕ್ರಕ್ಕೆ ಕಲ್ಲು ಕೊಡಲು ಸಿದ್ದ ಹಿಂದೆ ಹೋದ. ಬೋಜಮ್ಮನ ಕಾಲು ಬ್ರೇಕಿನ ಮೇಲಿಂದ ಜಾರಿತು, ಜೀಪು ಹಿಂದಕ್ಕೆ ಬಂತು, ಸಿದ್ದನ ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು.

ಆಸ್ಪತ್ರೆಯ ಮಂಚದ ಪಕ್ಕ ನಿಂತು ಆ ಹುಡುಗಿ ಅತ್ತ ಅಳುವನ್ನು ಸಿದ್ದ ಇವತ್ತಿಗೂ ಮರೆತಿಲ್ಲ. ಹುದಿಕೇರಿಯಲ್ಲಿ ಹಾಕಿ ಕೋಲು ಹಿಡಿದರೆ ಗಂಡಸರೂ ದಾರಿ ಬಿಡುತ್ತಿದ್ದ ಹುಡುಗಿ! "ಇಗ್ಗುತಪ್ಪನಾಣೆ, ಇನ್ನು ಸ್ಟೇರಿಂಗ್ ಮುಟ್ಟಲ್ಲ," ಅಂದುಬಿಟ್ಟಿದ್ದರು.

ಆಗ ಮಾವನವರು ಶೆಡ್ಡಿನಿಂದ ತೆಗೆಸಿದ್ದೇ ಈ ಸ್ಟುಡಿಬೇಕರು. ಸಾವಿರದ ಒಂಬೈನೂರ ಐವತ್ತರ ಮಾಡೆಲು, ಊರು ಬಿಟ್ಟು ಹೊರಟ ಇಂಗ್ಲಿಷ್ ದೊರೆಯೊಬ್ಬನಿಂದ ಕೊಂಡದ್ದು. ಕಾರು ಮಾಡಿದವರು ಮೂಲದಲ್ಲಿ ಕಮ್ಮಾರರ ಮಕ್ಕಳಂತೆ, ಮೊದಲು ಕುದುರೆ ಬಂಡಿ ಮಾಡಿಕೊಂಡಿದ್ದವರಂತೆ ಎಂದು ಮಾವನವರು ಹೇಳುತ್ತಿದ್ದರು. ಬಂಡಿ ಮಾಡಿದವರಿಗೆ ಏರಿನ ಕಷ್ಟ ಗೊತ್ತಿರದೆ ಇರುತ್ತದೆಯೇ? ಅವರು ಈ ಕಾರಿನಲ್ಲಿ ಹಿಲ್ ಹೋಲ್ಡರ್ ಅನ್ನುವ ಒಂದು ಉಪಾಯ ಇಟ್ಟಿದ್ದರು. ಏರಿನಲ್ಲಿ ಕ್ಲಚ್ಚು ಒತ್ತಿ ಒಮ್ಮೆ ಬ್ರೇಕು ತುಳಿದರೆ ಸಾಕು. ಬ್ರೇಕಿನಿಂದ ಕಾಲು ತೆಗೆದರೂ ಕ್ಲಚ್ಚು ಬಿಡುವವರೆಗೆ ಗಾಡಿ ಕದಲುವುದಿಲ್ಲ. "ಇದು ಹಿಂದೆ ಬರೋ ಜಾತಿಯಲ್ಲ ಮಗಳೇ," ಎಂದು ಮಾವನವರು ಕೀ ಕೊಟ್ಟರು. ಬೋಜಮ್ಮ ಹೆದರುತ್ತಾ ಹೆದರುತ್ತಾ ಕೂತರು, ಕಲಿತರು. ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ.

ಸುಖದ ಗಾಡಿಯೇನಲ್ಲ ಅದು. ವೈಪರು ನಡೆಯುವುದು ಎಂಜಿನ್ ಎಳೆಯುವ ಗಾಳಿಯಿಂದ. ಜೂನ್ ತಿಂಗಳ ಮಳೆಯಲ್ಲಿ ಏರು ಹತ್ತುತ್ತಾ ಆಕ್ಸಿಲರೇಟರ್ ಒತ್ತಿದರೆ ಅದು ನಿದ್ದೆ ಹೋಗುತ್ತಿತ್ತು, ಇಳಿಜಾರಿನಲ್ಲಿ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಬ್ಯಾಟರಿ ಆರು ವೋಲ್ಟಿನದು, ಅದರಲ್ಲೂ ಬೇರೆ ಗಾಡಿಗಳಿಗೆ ತಿರುವುಮುರುವಾಗಿ ಪ್ಲಸ್ ತಂತಿಯನ್ನೇ ಗಾಡಿಯ ಮೈಗೆ ಜೋಡಿಸಬೇಕು. ಗೊತ್ತಿಲ್ಲದ ಮೆಕ್ಯಾನಿಕ್ಕು ಕೈಯಿಟ್ಟರೆ ಕಥೆ ಮುಗಿಯಿತು. ಫ್ಯಾನ್ ಬೆಲ್ಟು ಟಿಲ್ಲರಿನದು, ನೀರಿನ ಹೋಸು ತೋಟದ ಸ್ಪ್ರಿಂಕ್ಲರಿನದು. ಸಿದ್ದ ಅದನ್ನು ಎಮ್ಮೆ ಸಾಕಿದ ಹಾಗೆ ಸಾಕಿದ್ದ.

ಹೀಗಿರುವಾಗ ಒಂದು ಮಳೆಗಾಲ ಆ ಹಿಲ್ ಹೋಲ್ಡರು ತುಕ್ಕು ಹಿಡಿದು ಕಚ್ಚಿಕೊಂಡಿತು. ನಲವತ್ತು ವರ್ಷ ಕೊಡಗಿನ ಕೆಸರು ಕುಡಿದದ್ದು ಪಾಪ, ಎಷ್ಟೂಂತ ತಡೆದೀತು? ಬ್ರೇಕು ಬಿಡುವುದೇ ಇಲ್ಲ. ಸಿದ್ದ ಅದನ್ನು ಬಿಚ್ಚಿ ತೆಗೆದು ಬ್ರೇಕಿನ ಪೈಪು ನೇರ ಜೋಡಿಸಿದ. ಹೇಳಬೇಕೆಂದೇ ಮನೆಯ ಜಗಲಿಗೆ ಬಂದ. ಬೋಜಮ್ಮ ಶಾಲೆಯ ಹೆಣ್ಣುಮಕ್ಕಳ ಹಾಕಿ ತಂಡಕ್ಕೆ ಕೋಚ್ ಆಗಿ ಅದೇ ವಾರ ಒಪ್ಪಿಕೊಂಡಿದ್ದರು. ಅವರ ಮುಖದ ಉತ್ಸಾಹ ನೋಡಿ ಸಿದ್ದನ ಬಾಯಿಂದ ಬೇರೆಯೇ ಮಾತು ಹೊರಟಿತು. "ಅಮ್ಮ, ಹಿಲ್ ಹೋಲ್ಡರಿಗೆ ವಯಸ್ಸಾಯ್ತು. ಇನ್ನು ಮೇಲೆ ಕ್ಲಚ್ಚು ಅರ್ಧ ಎತ್ತಿ, ಗಾಡಿ ಸಣ್ಣಗೆ ನಡುಗಿದ ಮೇಲೆ ಬ್ರೇಕಿನಿಂದ ಕಾಲು ತೆಗೀರಿ. ಆಗಲೇ ಅದು ಹಿಡಿಯೋದು."

ನಾಳೆ ನಿಜ ಹೇಳೋಣ ಅಂದುಕೊಂಡ. ನಾಳೆ, ನಾಡಿದ್ದು ಅನ್ನುತ್ತಾ ಮೂವತ್ತು ವರ್ಷ ಕಳೆಯಿತು. ಬೋಜಮ್ಮ ವಾರಕ್ಕೆ ಮೂರು ಬೆಳಿಗ್ಗೆ, ಬಸ್ಸೇ ಇಲ್ಲದ ಹೊತ್ತಿನಲ್ಲಿ, ಮಕ್ಕಳನ್ನು ತುಂಬಿಕೊಂಡು ಪೊನ್ನಂಪೇಟೆಯ ಮೈದಾನಕ್ಕೆ ಹೋಗಿಬರುತ್ತಿದ್ದರು. ಈಗಿನ ತಂಡದ ಗೋಲ್‌ಕೀಪರು ಸಿದ್ದನ ಮೊಮ್ಮಗಳು ರಶ್ಮಿತಾ. ನಾಡಿದ್ದು ಶನಿವಾರ ಜಿಲ್ಲಾ ತಂಡದ ಸೆಲೆಕ್ಷನ್ನು.

ಮಧ್ಯಾಹ್ನ ಊಟಕ್ಕೆ ಬಂದ ಬೋಜಮ್ಮನ ಮಗ ಮನು ಬೊಲೆರೋ ಕೀ ತಂದು ಅವ್ವನ ಮುಂದೆ ಇಟ್ಟ. "ಕಾಫಿ ಹೂಬಿಡೋ ಬ್ಲಾಸಂಗೆ ನೀರು ಹೊಡಿಸ್ತಾ ಇದೀನಿ ಅವ್ವ, ನಂಗೆ ತೋಟ ಬಿಟ್ಟು ಬರೋಕಾಗಲ್ಲ. ನೀವೇ ತಗೊಂಡು ಹೋಗಿ."

ಹಾವು ಕಂಡವರಂತೆ ಬೋಜಮ್ಮ ಕೈ ಹಿಂದಕ್ಕೆಳೆದುಕೊಂಡರು. "ಅದು ಹಿಂದೆ ಜಾರ್ತದೆ. ನನ್ನ ಕೈಲಾಗಲ್ಲ."

"ಎಲ್ಲಾ ಗಾಡಿಯೂ ಜಾರ್ತದೆ ಅವ್ವ!"

"ನನ್ನದು ಜಾರಲ್ಲ. ಬಾಡಿಗೆ ಜೀಪು ಹೇಳು, ಮಕ್ಕಳು ಹೋಗ್ಲಿ. ಆಮೇಲೆ ಶಾಲೆಯವರಿಗೆ ಬೇರೆ ಕೋಚ್ ನೋಡ್ಕೊಳ್ಳೋಕೆ ಹೇಳ್ತೇನೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಐದೂವರೆಗೆ ಯಾವ ಬಾಡಿಗೆಯವನು ಬರ್ತಾನೆ? ನಂಗೂ ಅರವತ್ತಮೂರು ಆಯ್ತು. ಸಾಕು."

ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ಕೂತಿದ್ದ ಸಿದ್ದ ಅದನ್ನು ಕೆಳಗಿಟ್ಟ. ಅವನಿಗೆ ಕಣ್ಣಿನ ಪೊರೆ, ಲೈಸೆನ್ಸೂ ಮುಗಿದಿತ್ತು; ತಾನೇ ಬಿಡುತ್ತೇನೆ ಅನ್ನುವ ಹಾಗಿರಲಿಲ್ಲ. ಕಾರು ಕೆಟ್ಟರೆ ಕಾರು ಮೂಲೆ ಸೇರಬೇಕು, ಅಮ್ಮ ಯಾಕೆ ಮೂಲೆ ಸೇರಬೇಕು? ಇದು ತನ್ನ ಸುಳ್ಳಿನ ಫಲ ಅಂತ ಅವನಿಗೆ ಚೆನ್ನಾಗಿ ಗೊತ್ತಾಯಿತು.

ಶುಕ್ರವಾರ ಸಂಜೆ ಬೋಜಮ್ಮ ಜಗಲಿಯಲ್ಲಿ ಕೂತು ಹಾಕಿ ಕೋಲುಗಳಿಗೆ ಟೇಪು ಸುತ್ತುತ್ತಿದ್ದರು. ಸಿದ್ದ ಮೆಟ್ಟಿಲ ಕೆಳಗೆ ನಿಂತ.

"ಎಂಥ ಸಿದ್ದ? ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಹಾಗೆ ನಿಂತಿದ್ದಿ?"

"ಅಮ್ಮ, ಆ ಕಾರಿನಲ್ಲಿ ಹಿಲ್ ಹೋಲ್ಡರ್ ಇಲ್ಲ."

"ಕ್ರ್ಯಾಂಕ್ ಹೋದ್ರೆ ಅದೂ ಹೋಗ್ತದಾ?"

"ಅದು ಹೋಗಿ ಮೂವತ್ತು ವರ್ಷ ಆಯ್ತು. ನಾನೇ ತೆಗ್ದೆ. ಆಮೇಲೆ ಅದು ಏರಲ್ಲಿ ನಿಂತದ್ದು ನಿಮ್ಮ ಕಾಲಿಂದ. ಕಾರಿಂದಲ್ಲ."

ಟೇಪು ಸುತ್ತುತ್ತಿದ್ದ ಕೈ ನಿಂತಿತು. ಬೋಜಮ್ಮ ಎದ್ದರು. ಕೋಲು ಕೈಯಲ್ಲೇ ಇತ್ತು. ಒಂದು ಗಳಿಗೆ ಸಿದ್ದನಿಗೆ ಏಟು ಬೀಳುವುದು ಖಂಡಿತ ಅನ್ನಿಸಿತು.

"ಮೂವತ್ತು ವರ್ಷ ಊರಿನವರ ಮಕ್ಕಳನ್ನ ಕೂರಿಸ್ಕೊಂಡು ಓಡಾಡಿದ್ದೇನೆ ನಾನು! ಯಾವುದಾದ್ರೂ ಒಂದು ಮಗುವಿಗೆ ಏನಾದ್ರೂ ಆಗಿದ್ರೆ? ನಿನ್ನ ಕಾಲು ನೋಡಿಯೂ ಬುದ್ಧಿ ಬರ್ಲಿಲ್ವಾ ನಿಂಗೆ?"

"ಬಂದಿತ್ತು ಅಮ್ಮ. ಅದಕ್ಕೇ ಮೊದಲ ಎರಡು ವರ್ಷ ಪ್ರತಿ ಸಲ ನಿಮ್ಮ ಪಕ್ಕದಲ್ಲೇ ಕೂತು ಬಂದೆ, ನೆನಪುಂಟಾ? ಕಾಲು ನೋವು, ನಡೆಯೋಕಾಗಲ್ಲ, ಪೇಟೆಗೆ ಬರ್ತೇನೆ ಅಂತಿದ್ದೆ. ಕೈ ಹ್ಯಾಂಡ್‌ಬ್ರೇಕಿನ ಹತ್ತಿರ ಇಟ್ಕೊಂಡೇ ಕೂತಿದ್ದೆ. ಒಂದು ದಿನವೂ ಎಳೆಯೋ ಕೆಲಸ ಬೀಳ್ಲಿಲ್ಲ."

"ಹೋಗು ಇಲ್ಲಿಂದ," ಅಂದರು ಬೋಜಮ್ಮ. "ನಿನ್ನ ಮುಖ ನೋಡೋಕಾಗಲ್ಲ ನಂಗೆ. ಹೋಗು."

ಎಸ್ಟೇಟಿನ ಕೆಲಸಗಾರರ ಲೈನಿನಲ್ಲಿದ್ದ ತನ್ನ ಮನೆಗೆ ಬಂದು ಸಿದ್ದ ಗೋಡೆ ಕಡೆ ಮುಖ ಮಾಡಿ ಮಲಗಿದ. ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ. ಇಷ್ಟು ವರ್ಷದ ನಂಬಿಕೆಯನ್ನು ಕೈಯಾರೆ ಕೆಡಿಸಿಕೊಂಡೆನಲ್ಲ ಎಂದು ಬಾಯಿಬಿಟ್ಟೇ ಅಂದುಕೊಂಡ. "ಯಾರ ಹತ್ರ ಮಾತಾಡ್ತಿದ್ದಿ ಅಜ್ಜ?" ಎಂದು ರಶ್ಮಿತಾ ಕೇಳಿದರೆ, "ಸೊಳ್ಳೆ ಹತ್ರ," ಅಂದ.

ಬೆಳಿಗ್ಗೆ ಅಂಗಳದಲ್ಲಿ ಏಳು ಹುಡುಗಿಯರು ಬ್ಯಾಗು, ಕೋಲು ಹಿಡಿದು ಬಾಡಿಗೆ ಜೀಪಿಗೆ ಕಾಯುತ್ತಿದ್ದರು. ಬೋಜಮ್ಮ ಹೊರಗೆ ಬಂದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಬೊಲೆರೋ ಕೀ. "ಜೀಪು ಬೇಡ ಅಂದಿದ್ದೇನೆ. ಹತ್ತಿ," ಅಂದರು. ಮೂಲೆಯಲ್ಲಿ ನಿಂತಿದ್ದ ಸಿದ್ದನ ಕಡೆ ನೋಡದೆಯೇ, "ಅವನಿಗೂ ಹತ್ತೋಕೆ ಹೇಳು ರಶ್ಮಿತಾ," ಅಂದರು.

ಸಿದ್ದ ಪಕ್ಕದ ಸೀಟಿನಲ್ಲಿ ಕೂತ. ಹ್ಯಾಂಡ್‌ಬ್ರೇಕಿನ ಹತ್ತಿರ ಅವನ ಕೈ ಹೋದದ್ದೇ ತಡ, "ಕೈ ತೆಗಿ," ಅಂದರು. ಅವನು ಎರಡೂ ಕೈಯನ್ನು ತೊಡೆಯ ಅಡಿಯಲ್ಲಿ ಇಟ್ಟುಕೊಂಡ.

ಕಲ್ಲುಮೊಟ್ಟೆ ಏರು ಅರ್ಧ ಹತ್ತಿರಬೇಕು, ಸ್ಪ್ರಿಂಕ್ಲರ್ ಪೈಪು ಹೇರಿಕೊಂಡ ಟ್ರಾಕ್ಟರು ಎದುರಿಗೆ ಬಂತು. ಬೋಜಮ್ಮ ಬದಿಗೆ ತೆಗೆದು ನಿಲ್ಲಿಸಿದರು. ಟ್ರಾಕ್ಟರು ಗುಡುಗುಡು ಎನ್ನುತ್ತಾ ಇಳಿದುಹೋಯಿತು. ಬೋಜಮ್ಮ ಕ್ಲಚ್ಚು ಎತ್ತಿದರು. ಬೊಲೆರೋ ಒಮ್ಮೆ ಕುಕ್ಕಿ ಆಫಾಯಿತು. ಮತ್ತೊಮ್ಮೆ ಹೊರಡಿಸಿದರು, ಮತ್ತೆ ಆಫು.

ಬೋಜಮ್ಮ ಹ್ಯಾಂಡ್‌ಬ್ರೇಕು ಎಳೆದರು. "ಎಲ್ಲರೂ ಇಳೀರಿ. ದೂರ ಹೋಗಿ, ಮೇಲಕ್ಕೆ ಹೋಗಿ ನಿಲ್ಲಿ. ಸಿದ್ದ, ಮನುವಿಗೆ ಫೋನ್ ಮಾಡು. ಬಂದು ತಗೊಂಡು ಹೋಗ್ಲಿ."

ಹುಡುಗಿಯರು ಇಳಿದು ಮೇಲಕ್ಕೆ ಓಡಿದರು. ಸಿದ್ದನೂ ಇಳಿದ. ಆದರೆ ಫೋನು ಜೇಬಿನಿಂದ ತೆಗೆಯಲಿಲ್ಲ. ಕುಂಟುತ್ತಾ ಹೋಗಿ ಗಾಡಿಯ ಹಿಂದೆ, ಎರಡು ಮಾರು ದೂರದಲ್ಲಿ, ರಸ್ತೆಯ ನಟ್ಟನಡುವೆ ನಿಂತ.

ಕಿಟಕಿಯಿಂದ ಬೋಜಮ್ಮನ ಕೂಗು ಬಂತು. "ಏಯ್! ತಲೆ ಕೆಟ್ಟಿದ್ಯಾ? ಬದಿಗೆ ಹೋಗೋ!"

"ಹೋಗಲ್ಲ ಅಮ್ಮ."

"ಸಿದ್ದ, ಬೇಡ. ಕೈ ಮುಗೀತೇನೆ. ನಂಗೆ ಆಗಲ್ಲ ಕಣೋ!" ದನಿ ಒಡೆದಿತ್ತು.

"ಆವತ್ತು ನಿಮಗೆ ಕಲಿಸದೇನೇ ಏರಿಗೆ ತಂದೆ, ತಪ್ಪು ನಂದು. ಈಗ ನಿಮಗೆ ಬರ್ತದೆ. ಬರ್ತದೆ ಅಂತ ನಂಗೆ ಗೊತ್ತುಂಟು. ಸುಮ್ಮನೆ ಆ ಹಳೇ ಕಾರು ಅಂತ ತಿಳ್ಕೊಂಡು ಓಡಿಸಬೇಡಿ, ಇದು ಬೊಲೆರೋ ಅಂತ ತಿಳ್ಕೊಂಡೇ ಓಡಿಸಿ."

ಬದಿಯ ಕಾಫಿ ಗಿಡಗಳಲ್ಲಿ ಹೂವಿನ ಮೊಗ್ಗು ಬಿರಿಯುವುದರಲ್ಲಿತ್ತು. ಸಿದ್ದನಿಗೆ ಹೆದರಿಕೆಯಾಗಲಿಲ್ಲ ಅಂದರೆ ಅದು ಇನ್ನೊಂದು ಸುಳ್ಳಾದೀತು. ಎಡಗಾಲು ತಾನಾಗಿ ಪಕ್ಕಕ್ಕೆ ಸರಿಯಲು ನೋಡುತ್ತಿತ್ತು. ಅವನು ಹಲ್ಲು ಕಚ್ಚಿ ಅದನ್ನು ಅಲ್ಲೇ ಊರಿದ.

ಎಂಜಿನ್ ಹೊತ್ತಿಕೊಂಡಿತು. ಹ್ಯಾಂಡ್‌ಬ್ರೇಕು ಇಳಿದ ಸದ್ದು ಕೇಳಿತು. ಬೊಲೆರೋದ ಹಿಂಭಾಗ ಸಣ್ಣಗೆ ನಡುಗಿತು, ಕುಕ್ಕರಗಾಲಲ್ಲಿ ಕೂತ ಹಾಗೆ ಒಂದಿಷ್ಟು ತಗ್ಗಿತು. ಆಮೇಲೆ ಹಿಂದಕ್ಕೆ ಒಂದು ಬೆರಳಗಲವೂ ಬಾರದೆ ಮುಂದಕ್ಕೆ ಹೊರಟಿತು. ಮೇಲೆ ನಿಂತಿದ್ದ ಹುಡುಗಿಯರು ಗೋಲು ಹೊಡೆದವರ ಹಾಗೆ ಕಿರುಚಿದರು.

ಟಾರು ರಸ್ತೆಗೆ ಇನ್ನೂ ಇಪ್ಪತ್ತು ಮಾರು ಇರುವಾಗ, ಏರು ಎಲ್ಲಕ್ಕಿಂತ ಕಡಿದಾಗಿರುವ ಜಾಗದಲ್ಲಿ ಗಾಡಿ ಮತ್ತೆ ನಿಂತಿತು. ಆಫಾದದ್ದಲ್ಲ, ಎಂಜಿನ್ ನಡೆಯುತ್ತಲೇ ಇತ್ತು. ಹುಡುಗಿಯರು ಒಬ್ಬೊಬ್ಬರಾಗಿ ಹತ್ತಿಕೊಂಡರು. ಬೋಜಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಬಾರೋ ಬೇಗ, ಸುಳ್ಳ! ಒಂಬತ್ತು ಗಂಟೆಗೆ ಸೆಲೆಕ್ಷನ್ನು!"

ಬ್ರೇಕಿನ ಎರಡು ಕೆಂಪು ದೀಪ ಅವನಿಗಾಗಿ ಹೊತ್ತಿಕೊಂಡೇ ಇದ್ದವು. ಸಿದ್ದ ಅವಸರ ಮಾಡಲಿಲ್ಲ. ಕಾಲಿಗೆ ನೋವಾಗದ ಹಾಗೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು, ನಡುನಡುವೆ ನಿಂತು ಉಸಿರು ತೆಗೆದುಕೊಂಡು, ರಸ್ತೆಯ ನಡುವೆಯೇ ಹತ್ತತೊಡಗಿದ.