ಬಾಗಿಲಿಗೆ ಕಟ್ಟಿದ ಬೇವು

ಕಟಕೋಳದ ಆ ಓಣಿಯಲ್ಲಿ ಚೀಟಿಗೆ ಯಾರೂ ಕಿಮ್ಮತ್ತು ಕೊಡಲಿಲ್ಲ. "ಹಂದಿಜ್ವರ. ಈ ಮನೆಗೆ ಬರಬಾರದು" ಎಂದು ಆರೋಗ್ಯ ಇಲಾಖೆ ಅಚ್ಚು ಹಾಕಿಸಿದ್ದ ಚೀಟಿಯನ್ನು ನರ್ಸ್ ಅನ್ನಪೂರ್ಣಾ ಸಿದ್ದಲಿಂಗವ್ವನ ಬಾಗಿಲಿಗೆ ಕೈಯಾರೆ ಅಂಟಿಸಿದ್ದಳು. 2009ರ ಮಳೆಗಾಲ. ಸಿದ್ದಲಿಂಗವ್ವನ ಮಗ ಪುಣೆಯಿಂದ ಜ್ವರ ಹೊತ್ತು ಬಂದು, ಈಗ ಗುಣವಾಗಿ ಎದ್ದು ಓಡಾಡುತ್ತಿದ್ದ. ಈಗ ಮಲಗಿದವಳು ಸೊಸೆ ನಾಗರತ್ನಾ, ತುಂಬಿದ ಬಸುರಿ. ಬಸುರಿಯನ್ನು ನೋಡಲು ಬರಬೇಡಿ ಎಂದರೆ ಯಾರು ಕೇಳುತ್ತಾರೆ? ಒಬ್ಬಳಂತೂ ಸೆರಗಿನಡಿ ಶೇಂಗಾ ಹೋಳಿಗೆ ಹಿಡಿದು, "ನಮ್ಮ ಓಣ್ಯಾಗ ಹಂದಿ ಹುಟ್ಟಿ ಬೆಳದಾವ್ರಿ ಬಾಯಾರ, ಅವಕ್ಕ ಒಂದಿನಾನೂ ನೆಗಡಿ ಬಂದಿಲ್ಲ" ಎಂದು ನಗುತ್ತ ಒಳಗೆ ಹೋದಳು.

ಸಿಟ್ಟು ನೆತ್ತಿಗೇರಿ ಅನ್ನಪೂರ್ಣಾ ಬೇವಿನ ಟೊಂಗೆ ಮುರಿದು ತಂದು ಬಾಗಿಲಿಗೆ ಕಟ್ಟಿದಳು. ಮನೆಯಲ್ಲಿ ದೇವಿ ಅಮ್ಮ ಬಂದು ಮೈಮೇಲೆ ಗುಳ್ಳೆ ಎದ್ದಾಗ ಕಟ್ಟುವ ಬೇವು. ಅದನ್ನು ಕಂಡರೆ ಹೊರಗಿನವರು ಹೊಸ್ತಿಲು ತುಳಿಯುವುದಿಲ್ಲ. ಸಂಜೆಯೊಳಗೆ ಓಣಿ ಖಾಲಿಯಾಯಿತು.

ಹಂದಿಜ್ವರದ ಗುಳಿಗೆ ಮಾತ್ರ ಬರಲಿಲ್ಲ. ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಸರ್ಕಾರವೇ ಕೊಡಬೇಕು. ಬೆಂಗಳೂರಿನಿಂದ ಪರೀಕ್ಷೆಯ ವರದಿ ಬರಲಿ ಎಂದು ಜಿಲ್ಲೆಯವರು, ಜಿಲ್ಲೆಯವರು ಹೇಳಲಿ ಎಂದು ತಾಲೂಕಿನವರು. ಅಷ್ಟರಲ್ಲಿ ನಾಗರತ್ನಾಳ ಕೆಮ್ಮು ಎದೆಗಿಳಿದಿತ್ತು. ಇನ್ನು ತಡವಾದರೆ ಹೊಟ್ಟೆಯ ಕೂಸಿಗೂ ಅಪಾಯ ಎಂಬುದು ಅನ್ನಪೂರ್ಣಾಳಿಗೆ ಗೊತ್ತಿತ್ತು.

ಗುರುವಾರ ಜೀಪು ಬಂತು. ವೈದ್ಯಾಧಿಕಾರಿ ಗುಳಿಗೆಗಳನ್ನು ಅವಳ ಕೈಗಿಟ್ಟು, ಬೇವು ಕಟ್ಟಿದ ಬಾಗಿಲ ಕಡೆ ನೋಡಿ, "ಭಾರಿ ಐಡಿಯಾ ಬಿಡ್ರಿ! ನಮ್ಮ ಚೀಟಿಗಿಂತ ಇದ ಛಲೋ" ಎಂದರು.

ಅನ್ನಪೂರ್ಣಾ ಹಿಗ್ಗಿದಳು. ಆ ಹಿಗ್ಗು ಹೊಸ್ತಿಲವರೆಗೂ ಉಳಿಯಲಿಲ್ಲ. ಸಿದ್ದಲಿಂಗವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಗುಳಿಗಿ ಬ್ಯಾಡ್ರಿ ಬಾಯಾರ. ಅಮ್ಮ ಮನ್ಯಾಗ ಇದ್ದಾಗ ಔಷಧ ಕೊಟ್ರ ಆಕಿ ಸಿಟ್ಟಾಗ್ತಾಳ."

"ಅಮ್ಮ ಎಲ್ಲಿ ಬಂದಾಳ ಯವ್ವಾ? ಮೈಮ್ಯಾಲ ಒಂದರ ಗುಳ್ಳಿ ಐತೇನು? ಮಂದಿ ಬರಬಾರದಂತ ನಾನ ಕಟ್ಟೇನಿ ಅದನ್ನ!"

"ನೀವು ಕಟ್ಟಿದ್ರಿ, ಆಕಿ ಬಂದ್ಲು. ಮಂಗಳವಾರ ಮೊಸರನ್ನ ಎಡಿ ಹಿಡದು ಆಕಿನ್ನ ಕಳಸೂತನಕ ಗುಳಿಗಿ ಇಲ್ಲ."

ಅನ್ನಪೂರ್ಣಾ ಬೇವಿಗೆ ಕೈ ಹಾಕಿದಳು. ಮುದುಕಿ ಅವಳ ಮಣಿಕಟ್ಟು ಹಿಡಿದುಕೊಂಡಳು. ಹಿಡಿದವಳ ಕಣ್ಣು ಮಾತ್ರ ಸೊಸೆಯಿದ್ದ ಕೋಣೆಯ ಕಡೆಗೇ ಇತ್ತು. ಹಟವಲ್ಲ, ಇವಳಿಗೂ ಆ ಕೂಸಿನದೇ ಭಯ. ಚೀಟಿಯನ್ನು ನಂಬಿ ಎಂದವಳು ತಾನೇ, ಬೇವನ್ನು ಕಟ್ಟಿದವಳೂ ತಾನೇ. ಒಳಗಿನಿಂದ ಕೆಮ್ಮು ಕೇಳುತ್ತಿತ್ತು.

ಕೆಮ್ಮು ನಿಂತಿತು. ಬಾಗಿಲ ಪಕ್ಕದ ಕಿಟಕಿಯ ಸರಳುಗಳ ನಡುವೆ ಹಸಿರು ಬಳೆಯ ಕೈಯೊಂದು ಹೊರಗೆ ಬಂದು, ಅಂಗೈ ಬಿಚ್ಚಿತು.

ಸಿದ್ದಲಿಂಗವ್ವ ಅದನ್ನು ನೋಡಿದಳು. ಆಮೇಲೆ ಮಣಿಕಟ್ಟು ಬಿಟ್ಟು, "ಎಮ್ಮಿಗೆ ನೀರ ಕುಡಸಬೇಕು" ಎಂದು ಯಾರಿಗೋ ಹೇಳುವಂತೆ ಹೇಳಿ ಹಿತ್ತಲಿಗೆ ನಡೆದಳು.

ಆ ಅಂಗೈಗೆ ಒಂದು ಗುಳಿಗೆ ಇಟ್ಟು, ನಾಗರತ್ನಾ ಅದನ್ನು ನುಂಗುವತನಕ ಅನ್ನಪೂರ್ಣಾ ಕಿಟಕಿ ಬಿಡಲಿಲ್ಲ. ಉಳಿದ ಗುಳಿಗೆಗಳನ್ನೂ ಒಳಗೆ ದಾಟಿಸಿ, "ತಲಿದಿಂಬಿನ ಬುಡಕ ಇಟಗೋ. ದಿನಾ ಮುಂಜಾನಿ, ಸಂಜಿಕ, ತಪ್ಪಿಸಬ್ಯಾಡ" ಎಂದು ಪಿಸುಗುಟ್ಟಿ, ಸಾಹೇಬರಿಗೆ ವಿಷಯ ತಿಳಿಸಲು ರಸ್ತೆಗೆ ಓಡಿದಳು.

ಜೀಪು ಮುಂದಿನ ಊರಿಗೆ ಹೊರಟಿತ್ತು. ಅದರ ಹಿಂದಿನ ಸೀಟಿನ ತುಂಬ ಬೇವಿನ ತಪ್ಪಲು.

"ಸಾಹೇಬ್ರ, ಬ್ಯಾಡ್ರಿ! ಅದನ್ನ ಕಟ್ಟಬ್ಯಾಡ್ರಿ!"

ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸದ ಸಾಹೇಬರು ಕಿಟಕಿಯಿಂದ ಕೈ ಹೊರಗೆ ಹಾಕಿ, ಖುಷಿಯಿಂದ ಬೀಸಿದರು.