ದಿನಕ್ಕೆ ಏಳು ಲೋಟ

ದಂತವೈದ್ಯಕೀಯ ಕಾಲೇಜಿನ ನೆಲಮಹಡಿಯಲ್ಲಿ ಕ್ಯಾಂಟೀನು, ಮೂರನೆಯ ಮಹಡಿಯಲ್ಲಿ ಮೊದಲ ವರ್ಷದವರ ಪ್ರಯೋಗಶಾಲೆ. ಕೆಳಗೆ ಕಾಫಿ ಮಾಡುತ್ತಿದ್ದವಳು ತಾಯಿ, ಮೇಲೆ ಮೇಣದ ತುಂಡುಗಳಲ್ಲಿ ಹಲ್ಲು ಕೆತ್ತುವುದನ್ನು ಕಲಿಯುತ್ತಿದ್ದವಳು ಮಗಳು. ತಾಯಿ ಬೆಳಗ್ಗೆ ಐದಕ್ಕೇ ಮನೆ ಬಿಡುತ್ತಿದ್ದಳು. ಸಂಜೆ ಮನೆಗೆ ಬಂದು ಎರಡು ತುತ್ತು ತಿಂದರೆ ಕೂತಲ್ಲೇ ತೂಕಡಿಸುತ್ತಿದ್ದಳು. ಹೀಗಾಗಿ ಒಂದೇ ಸೂರಿನಡಿ ಇದ್ದರೂ ತಾಯಿಮಗಳ ಮಾತುಕತೆಯೆಲ್ಲ ನಡೆಯುತ್ತಿದ್ದುದು ಕ್ಯಾಂಟೀನಿನ ಕಟ್ಟೆಯ ಆಚೆಈಚೆ ನಿಂತುಕೊಂಡೇ.

ಮಗಳು ಮೊದಮೊದಲು ಬಿಡುವಿಗೊಮ್ಮೆ ಇಳಿದು ಬರುತ್ತಿದ್ದಳು. ಆಮೇಲೆ ಬಿಡುವಿಲ್ಲದಾಗಲೂ ಬರತೊಡಗಿದಳು. ಬಂದಾಗಲೆಲ್ಲ ಒಂದು ಲೋಟ ಕಾಫಿ, ಅದೂ ಉಳಿದವರಿಗೆ ಕೊಡುವಂಥದ್ದಲ್ಲ, ಪುಡಿ ಒಂದೂವರೆ ಪಾಲು ಹಾಕಿದ್ದು. ವರ್ಷ ಅರ್ಧ ಕಳೆಯುವಷ್ಟರಲ್ಲಿ ಅದು ದಿನಕ್ಕೆ ಏಳು ಲೋಟಕ್ಕೆ ಬಂದು ನಿಂತಿತು. ಅವಳ ಪಕ್ಕದ ಮೇಜಿನ ಗೆಳತಿಯದು ಇನ್ನೊಂದು ಬಗೆ. ಆಕೆ ಕಾಫಿ ಮುಟ್ಟುತ್ತಿರಲಿಲ್ಲ, ನಿದ್ದೆ ಓಡಿಸುವ ತಂಪು ಪಾನೀಯದ ಡಬ್ಬಿಗಳನ್ನು ಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದಳು. ನಡೆದರೆ ಚೀಲ ಸದ್ದು ಮಾಡುತ್ತಿತ್ತು. ತರಗತಿಯವರೆಲ್ಲ ಅವಳನ್ನು ಡಬ್ಬಿ ಎಂದೇ ಕರೆಯುತ್ತಿದ್ದರು, ಅವಳಿಗೂ ಅದರಿಂದ ಬೇಸರವಿರಲಿಲ್ಲ.

ಒಂದು ದಿನ ಮಗಳು ಮೇಲ್ದವಡೆಯ ಹಲ್ಲೊಂದನ್ನು ಕೆತ್ತುತ್ತಿದ್ದಳು. ಅದಕ್ಕೆ ನಾಲ್ಕು ಮೊನೆ. ಮೂರು ಮುಗಿದಿದ್ದವು. ನಾಲ್ಕನೆಯದಕ್ಕೆ ಚಾಕು ಇಟ್ಟಾಗ ಕೈ ನಡುಗಿತು, ಮೊನೆ ಕಿತ್ತು ಬಂತು. ಆ ವಾರದಲ್ಲಿ ಹಾಗೆ ಹಾಳಾದ ಐದನೆಯ ಹಲ್ಲು ಅದು. ಪಾಠ ಹೇಳುವ ಮೇಡಂ ಹಿಂದೆಯೇ ನಿಂತಿದ್ದರು. ಬೈಯಲಿಲ್ಲ. ಎರಡೂ ಕೈ ಮುಂದೆ ಚಾಚಲು ಹೇಳಿ, ಬೆರಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಗಾಳಿಗೆ ಸಿಕ್ಕಂತೆ ಪಟಪಟ ಅಂದಿತು. ದಿನಕ್ಕೆ ಎಷ್ಟು ಕಾಫಿ ಎಂದು ಕೇಳಿದರು. ಮಗಳು ಮೂರು ಎಂದಳು. ಮೇಡಂ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಪರೀಕ್ಷೆಗೆ ಇನ್ನು ನಾಲ್ಕು ವಾರವಿದೆ, ಕಡಿಮೆ ಮಾಡು, ಆದರೆ ಒಮ್ಮೆಲೇ ಬಿಡಬೇಡ ಎಂದು ಹೇಳಿ ಮುಂದಿನ ಮೇಜಿಗೆ ಹೋದರು.

ಮಗಳು ಒಮ್ಮೆಲೇ ಬಿಟ್ಟಳು. ಅವಳ ಸ್ವಭಾವವೇ ಹಾಗೆ, ಹಿಡಿದರೆ ಬಿಡದವಳು, ಬಿಟ್ಟರೆ ತಿರುಗಿ ನೋಡದವಳು. ಮರುದಿನದಿಂದ ಕ್ಯಾಂಟೀನಿನ ಕಡೆ ತಲೆ ಹಾಕಲಿಲ್ಲ. ಎದುರಿನ ಮೆಟ್ಟಿಲಿನಲ್ಲಿ ಇಳಿದರೆ ವಾಸನೆ ಬರುತ್ತದೆಂದು ಹಿಂಬದಿಯ ಮೆಟ್ಟಿಲು ಹಿಡಿದಳು. ಮಧ್ಯಾಹ್ನವಾಗುವಷ್ಟರಲ್ಲಿ ಕಣ್ಣಿನ ಹಿಂದೆ ಯಾರೋ ಮೊಳೆ ಹೊಡೆಯುತ್ತಿರುವಂತೆ ತಲೆ ಸಿಡಿಯತೊಡಗಿತು. ಎರಡನೆಯ ದಿನ ವಾಂತಿಯಾಯಿತು. ಮೂರನೆಯ ದಿನ ಪಾಠ ನಡೆಯುತ್ತಿರುವಾಗಲೇ ಮೇಜಿನ ಮೇಲೆ ಒರಗಿ ನಿದ್ದೆಹೋದಳು, ಎದ್ದಾಗ ಕೆನ್ನೆಗೆ ಮೇಣ ಮೆತ್ತಿಕೊಂಡಿತ್ತು. ಡಬ್ಬಿ ನಕ್ಕಿದ್ದಕ್ಕೆ ಅವಳ ಮೇಲೆ ಹರಿಹಾಯ್ದಳು. ಇಷ್ಟೆಲ್ಲ ಆದರೂ ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ. ಹೇಳಲು ತಾಯಿ ಎಚ್ಚರವಿದ್ದ ಹೊತ್ತು ಸಿಗಬೇಕಲ್ಲ.

ತಾಯಿ ಮೂರು ದಿನ ಕಾದಳು. ನಾಲ್ಕನೆಯ ದಿನ ಹನ್ನೊಂದರ ಸುಮಾರಿಗೆ ಕಟ್ಟೆಯನ್ನು ಜೊತೆಯವಳಿಗೆ ಒಪ್ಪಿಸಿ, ಕಾಫಿ ಲೋಟವನ್ನು ತಟ್ಟೆಯಲ್ಲಿಟ್ಟುಕೊಂಡು, ಸೊಂಟದ ಏಪ್ರನ್ ಕೂಡ ಬಿಚ್ಚದೆ ಮೂರು ಮಹಡಿ ಹತ್ತಿ ಬಂದಳು. ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಮಗಳನ್ನು ಹುಡುಕಿದಳು. ನಲವತ್ತು ತಲೆಗಳು ತಿರುಗಿದವು. ಮಗಳ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಎಲ್ಲಿಲ್ಲದ ಸಿಟ್ಟು ಬಂತು.

“ಇನ್ನು ಮುಂದೆ ಇದನ್ನ ನನಗೆ ತರಬೇಡ ಅಮ್ಮ. ನನ್ನ ಕೈ ಹಾಳಾಗಿದ್ದು ನಿನ್ನ ಈ ಕಾಫಿಯಿಂದಾನೇ.”

ಲೋಟದಿಂದ ಒಂದಿಷ್ಟು ಕಾಫಿ ತಟ್ಟೆಗೆ ಚೆಲ್ಲಿತ್ತು. ತಾಯಿ ಅದು ನೆಲಕ್ಕೆ ಬೀಳದಂತೆ ಹುಷಾರಾಗಿ ಹಿಡಿದುಕೊಂಡು, ಬಂದ ದಾರಿಯಲ್ಲೇ ಇಳಿದು ಹೋದಳು. ಚಪ್ಪಲಿಯ ಸದ್ದು ಮೂರೂ ಮಹಡಿ ಕೇಳಿಸಿತು.

ಡಬ್ಬಿ ಚಾಕು ಕೆಳಗಿಟ್ಟು, “ಕೈ ಹಾಳಾಗಿತ್ತು ಸರಿ, ಈಗ ಬಾಯೂ ಹಾಳಾಯ್ತು ನೋಡು,” ಎಂದಳು. ಮಗಳಿಗೆ ಆ ದಿನ ಇನ್ನೊಂದು ಹಲ್ಲು ಕೆತ್ತಲಾಗಲಿಲ್ಲ.

ನಾಲ್ಕು ಗಂಟೆಗೆ ಕ್ಯಾಂಟೀನು ಮುಚ್ಚುವ ಹೊತ್ತು. ಮಗಳು ಇಳಿದು ಬಂದಾಗ ಕುರ್ಚಿಗಳೆಲ್ಲ ಮೇಜಿನ ಮೇಲೆ ಬೋರಲು ಬಿದ್ದಿದ್ದವು. ತಾಯಿ ಹಾಲಿನ ಪಾತ್ರೆಯೊಳಗೆ ಅರ್ಧ ಮೈ ಇಳಿಸಿ ತಳ ಉಜ್ಜುತ್ತಿದ್ದಳು. ಮಗಳು ಒಂದು ಕುರ್ಚಿ ಇಳಿಸಿಕೊಂಡು ಕೂತಳು. ತಪ್ಪಾಯ್ತು ಅನ್ನಬೇಕೆಂದೇ ಬಂದಿದ್ದಳು. ಮೊದಲು ಬಾಯಿ ತೆರೆದವಳು ತಾಯಿಯೇ, ತಲೆ ಎತ್ತದೆ.

“ಲೋಟ ಎತ್ತೋವಾಗ ನಿನ್ನ ಕೈ ನಡುಗೋದು ನಾನು ಯಾವತ್ತೋ ನೋಡಿದ್ದೆ. ಎರಡು ತಿಂಗಳಾಯ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ. ದಿನಕ್ಕೆ ಏಳು ಸಲ ಬರ್ತಿದ್ದೆ. ಏಳು ಸಲ ನಿನ್ನ ಮುಖ ನೋಡ್ತಿದ್ದೆ. ಬೇಡ ಕಣೇ ಅನ್ನೋಕೆ ನನಗೇ ಮನಸ್ಸು ಬರ್ಲಿಲ್ಲ.”

ಮಗಳು ಎದ್ದು ಹೋಗಿ ಪಾತ್ರೆಯ ಇನ್ನೊಂದು ಅಂಚು ಹಿಡಿದಳು. ಇಬ್ಬರೂ ಸೇರಿ ಅದನ್ನು ಬೋರಲು ಹಾಕಿದರು. ಮೇಡಂಗೆ ಮೂರು ಲೋಟ ಎಂದು ಸುಳ್ಳು ಹೇಳಿದ್ದನ್ನು ಮಗಳು ಆಗ ಒಪ್ಪಿಕೊಂಡಳು. ತಾಯಿಗೆ ನಗು ಬಂತು. ಎಷ್ಟು ಮಂದಿಗೆ ಕಾಫಿ ಕೊಟ್ಟಿದ್ದೀನಿ, ನಿಜ ಹೇಳಿದವರನ್ನು ಒಬ್ಬರನ್ನೂ ಕಾಣೆ ಎಂದಳು. ಮೇಡಂ ಒಮ್ಮೆಲೇ ಬಿಡಬೇಡ ಅಂದಿದ್ದರೆಂದು ಗೊತ್ತಾದಾಗ ಮಾತ್ರ ನಗು ನಿಂತಿತು. ಮೂರು ದಿನ ತಲೆನೋವು ತಿಂದುಕೊಂಡು ಕೂತಿದ್ದಕ್ಕೆ ಮಗಳಿಗೆ ಚೆನ್ನಾಗಿ ಬೈಗುಳ ಬಿತ್ತು.

ಮಾರನೆಯ ದಿನದಿಂದ ತಾಯಿ ತನ್ನದೇ ಪದ್ಧತಿ ಶುರುಮಾಡಿದಳು. ಏಳು ಸಲವೂ ಬರಬೇಕು, ಅದರಲ್ಲಿ ನಾಲ್ಕು ಸಲ ಕಾಫಿ, ಅದೂ ಎಲ್ಲರಿಗೂ ಕೊಡುವಂಥದ್ದೇ. ಉಳಿದ ಸಲ ಬಿಸಿ ಹಾಲು, ಇಲ್ಲವೇ ಬರೀ ನೀರು. ನಾಲ್ಕು ದಿನಕ್ಕೊಮ್ಮೆ ಅರ್ಧ ಲೋಟ ಕಡಿತ. ಡಬ್ಬಿಯೂ ತಾನಾಗಿ ಬಂದು ಸೇರಿಕೊಂಡಳು. ದಿನಕ್ಕೆ ಒಂದೇ ಡಬ್ಬಿ ಎಂದು ಎದೆ ತಟ್ಟಿ ಹೇಳಿ, ವಾರದೊಳಗೆ ಕ್ಯಾಂಟೀನಿನ ಕಸದ ಬುಟ್ಟಿಯಿಂದಾಗಿ ಸಿಕ್ಕಿಬಿದ್ದಳು. ತಾಯಿ ಬುಟ್ಟಿಯಲ್ಲಿದ್ದ ನಾಲ್ಕು ಖಾಲಿ ಡಬ್ಬಿಗಳನ್ನೂ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟು, “ಇವು ಯಾರ ಮಕ್ಕಳಮ್ಮ?” ಎಂದು ಕೇಳಿದಳು. ಡಬ್ಬಿ ಕಿವಿಯವರೆಗೂ ಕೆಂಪಾದಳು. ಮರುದಿನ ಮತ್ತೆ ಮೊದಲಿನಿಂದ ಶುರು.

ಸುಲಭವೇನೂ ಆಗಿರಲಿಲ್ಲ. ಮಧ್ಯಾಹ್ನ ಎರಡರಿಂದ ಮೂರರ ತನಕ ಮಗಳಿಗೆ ಕಣ್ಣೆಳೆಯುತ್ತಿತ್ತು, ಆಗ ಎದ್ದು ಕಾರಿಡಾರಿನ ಉದ್ದಕ್ಕೂ ಓಡಾಡುತ್ತಿದ್ದಳು. ಎರಡು ಸಲ ತಾಯಿಯ ಕಣ್ಣುತಪ್ಪಿಸಿ ಕಟ್ಟೆಯಲ್ಲಿದ್ದ ಇನ್ನೊಬ್ಬಳ ಹತ್ತಿರ ಕಾಫಿ ಈಸಿಕೊಂಡಳು, ಒಂದು ಸಲ ತಾನೇ ಹೇಳಿಕೊಂಡಳು, ಇನ್ನೊಂದನ್ನು ಹೇಳಲಿಲ್ಲ. ಆದರೂ ಮೂರನೆಯ ವಾರದಲ್ಲಿ ತಲೆನೋವು ಮಾಯವಾಯಿತು. ದಿನಕ್ಕೆ ಎರಡು ಲೋಟಕ್ಕೆ ಇಳಿದಾಗ ಚಾಕು ಅವಳು ಹೇಳಿದಂತೆ ಕೇಳತೊಡಗಿತು.

ಪರೀಕ್ಷೆಯಲ್ಲಿ ಮೂರು ಮೊನೆ ಚೆನ್ನಾಗಿ ಬಂದವು, ನಾಲ್ಕನೆಯದು ತುಸು ಮೊಂಡಾಯಿತು. ಭಯಕ್ಕೋ ಏನೋ. ಅಂತೂ ಪಾಸಾದಳು. ಡಬ್ಬಿ ಅವಳಿಗಿಂತ ಹೆಚ್ಚು ಅಂಕ ತೆಗೆದು, ಅದೇ ಖುಷಿಯಲ್ಲಿ ಎರಡು ಡಬ್ಬಿ ಕುಡಿದಳು.

ಅಷ್ಟೊತ್ತಿಗೆ ಮಗಳು ಕಟ್ಟೆಯ ಬಳಿ ನಿಂತು ಗುಟುಕರಿಸಿ ಓಡುವುದು ನಿಂತು, ನಾಲ್ಕು ಗಂಟೆಯ ಮೇಲೆ ತಾಯಿಮಗಳು ಕೂತು ಮಾತಾಡುವುದು ರೂಢಿಯಾಗಿತ್ತು. ಹಾಗೆ ಕೂತಿದ್ದಾಗಲೇ ಒಂದು ಸಂಜೆ ತಾಯಿ ಬ್ರೆಡ್ಡನ್ನು ಒಂದೇ ಬದಿಯಲ್ಲಿ ಅಗಿಯುವುದು ಮಗಳ ಕಣ್ಣಿಗೆ ಬಿತ್ತು. ಕೇಳಿದರೆ, ಎಡಗಡೆಯ ಹಲ್ಲು ವರ್ಷದಿಂದ ನೋಯುತ್ತಿದೆ, ಬಿಡು, ಅದೇನು ದೊಡ್ಡದು ಎಂದಳು. ಹಲ್ಲಿನ ಡಾಕ್ಟರುಗಳೇ ತುಂಬಿರುವ ಕಟ್ಟಡದಲ್ಲಿ ವರ್ಷವಿಡೀ ಹಲ್ಲುನೋವು ನುಂಗಿಕೊಂಡಿದ್ದೆಯಲ್ಲ ಎಂದು ಮಗಳು ಹಣೆ ಚಚ್ಚಿಕೊಂಡಳು. ಮರುದಿನವೇ ಕೈಹಿಡಿದು ಮೇಡಂ ಬಳಿ ಕರೆದೊಯ್ದಳು. ಮೇಡಂ ಅರ್ಧ ಗಂಟೆಯಲ್ಲಿ ಹುಳುಕು ತೆಗೆದು ತುಂಬಿದರು. ಚುಚ್ಚುಮದ್ದಿಗೆ ಮರಗಟ್ಟಿದ ಬಾಯಿ ಸರಿಹೋಗುವ ತನಕ ಬಿಸಿಯದ್ದೇನೂ ಕುಡಿಯಬಾರದು, ಕಾಫಿಯಂತೂ ಬೇಡವೇ ಬೇಡ ಎಂದು ಹೇಳಿ ಕಳಿಸಿದರು.

ತಾಯಿ ಕೆನ್ನೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಎರಡನೆಯ ಮಹಡಿಗೆ ಬರುವಷ್ಟರಲ್ಲಿ, ಮರಗಟ್ಟಿದ ತುಟಿಯಲ್ಲೇ, ಅರ್ಧ ಲೋಟವೂ ಆಗುವುದಿಲ್ಲವಾ ಎಂದು ಮಗಳನ್ನು ಕೇಳಿದಳು.