ವಿಶ್ವಾಸನಿಗೆ ಬಾರದ ಜ್ವರ

ಸುಳ್ಳು ಹೇಳುವುದಕ್ಕೂ ಸ್ವಲ್ಪ ಮುಂದಾಲೋಚನೆ ಬೇಕು. ಹಾಸನದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ವಿಶ್ವಾಸನಿಗೆ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಧೈರ್ಯವಿತ್ತು, ನಾಲಗೆಯಿತ್ತು, ಮೂಗು ಒತ್ತಿಕೊಂಡು ನೆಗಡಿಯಾದವರ ಹಾಗೆ ಮಾತಾಡುವ ಕಲೆಯೂ ಇತ್ತು. ಮಾರ್ಚ್ ತಿಂಗಳ ಒಂದು ಶುಕ್ರವಾರ ಸಂಜೆ ತನ್ನ ಬಾಡಿಗೆ ರೂಮಿನಲ್ಲಿ ಕೂತು ಹೊಳೆನರಸೀಪುರಕ್ಕೆ ಫೋನ್ ಮಾಡಿದ.

“ದೊಡ್ಡಮ್ಮ, ನನಗೆ ಪಾಸಿಟಿವ್ ಬಂದ್ಬಿಟ್ಟಿದೆ. ಮನೇಲೇ ಟೆಸ್ಟ್ ಮಾಡ್ಕೊಂಡೆ, ಎರಡು ಗೆರೆ ಬಂತು. ನಾಳೆ ಬರಕ್ಕಾಗಲ್ಲ.”

ಆ ಕಡೆಯಿಂದ ಗೋದಮ್ಮ ಕೇಳಿದಳು: “ಉಸಿರಾಡಕ್ಕೆ ಕಷ್ಟ ಆಗ್ತಿಲ್ಲ ತಾನೇ?”

“ಇಲ್ಲ.”

“ಬಿಸಿನೀರು ಕುಡಿ. ಹೆದರ್ಕೋಬೇಡ. ಇಲ್ಲೀದು ನಾನು ನೋಡ್ಕೋತೀನಿ.”

ಇಲ್ಲೀದು ಎಂದರೆ ದೊಡ್ಡಪ್ಪನ ವರ್ಷಾಬ್ದಿಕ. ಲಕ್ಷ್ಮೀನರಸಿಂಹ ಮೇಷ್ಟ್ರು ಕೊರೋನಾದಲ್ಲಿ ಹೋಗಿ ಆ ಶನಿವಾರಕ್ಕೆ ವರ್ಷ ತುಂಬುತ್ತಿತ್ತು. ಮೇಷ್ಟ್ರಿಗೆ ಇದ್ದವಳು ಹಂಸ ಒಬ್ಬಳೇ ಮಗಳು, ಮೈಸೂರಿಗೆ ಕೊಟ್ಟಿದ್ದರು. ಅಪ್ಪ ಅಮ್ಮನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ತಮ್ಮನ ಮಗ ವಿಶ್ವಾಸನನ್ನು ಅವರೇ ಸಾಕಿ, ಓದಿಸಿ, ಮನುಷ್ಯನನ್ನಾಗಿ ಮಾಡಿದ್ದರು. ಹಾಗಾಗಿ ತಿಥಿ ಮಾಡಬೇಕಾದ ಕರ್ತೃ ಈ ಮಹಾನುಭಾವನೇ.

ಈ ಮಹಾನುಭಾವನಿಗೆ ಜ್ವರವೂ ಇರಲಿಲ್ಲ, ನೆಗಡಿಯೂ ಇರಲಿಲ್ಲ. ಇದ್ದದ್ದು ಬೆಂಗಳೂರಿನ ಟೆಸ್ಟ್ ಮ್ಯಾಚಿನ ಟಿಕೆಟ್. ಎರಡು ವರ್ಷದ ಮೇಲೆ ಸ್ಟೇಡಿಯಂ ತುಂಬ ಜನರನ್ನು ಬಿಡುತ್ತಿದ್ದರು. ಜೊತೆಯಲ್ಲಿ ಓದಿದ ರಜನೀಶ ಟಿಕೆಟ್ ಹಿಡಿದುಕೊಂಡು, “ಬರ್ತೀಯೋ, ಬೇರೆಯವರಿಗೆ ಕೊಡ್ಲೋ” ಎಂದು ಪ್ರಾಣ ತಿನ್ನುತ್ತಿದ್ದ. ಗುರುವಾರ ತರಕಾರಿ, ಬಾಳೆಲೆ ಕೊಟ್ಟುಬರಲು ಹೊಳೆನರಸೀಪುರಕ್ಕೆ ಹೋಗಿದ್ದ ವಿಶ್ವಾಸ, ಅಲ್ಲಿ ಕೂತಿದ್ದ ಪುರೋಹಿತ ಮುರಳೀಕೃಷ್ಣರನ್ನು ಏನೂ ಅರಿಯದ ಮಗುವಿನ ಹಾಗೆ ಕೇಳಿದ್ದ: “ಅಕಸ್ಮಾತ್ ಕರ್ತೃವಿಗೇ ಹುಷಾರಿಲ್ದೆ ಹೋದ್ರೆ ಏನ್ಮಾಡ್ತಾರೆ?” ಅವರು ಪಾಪ, ಸಂದೇಹವಿಲ್ಲದ ಮನುಷ್ಯ. “ಮುಂದಿನ ಅಮಾವಾಸ್ಯೆಗೆ ಮಾಡಬಹುದಪ್ಪ, ದೋಷವಿಲ್ಲ” ಎಂದರು. ಅಷ್ಟೇ ಸಾಕಾಯಿತು. ತಿಥಿಯನ್ನು ಮುಂದಕ್ಕೆ ಹಾಕಬಹುದು, ಮ್ಯಾಚನ್ನು ಹಾಕಲಾಗದು ಎಂದು ಲೆಕ್ಕ ಹಾಕಿಕೊಂಡ.

ಮನಸ್ಸು ಚುಚ್ಚಲಿಲ್ಲವೇ? ಚುಚ್ಚಿತು. ಅದಕ್ಕೂ ಒಂದು ಸಮಾಧಾನ ಹುಡುಕಿಕೊಂಡ. ಮೇಷ್ಟ್ರಿಗೆ ಕ್ರಿಕೆಟ್ ಎಂದರೆ ಪ್ರಾಣ. ಕೊರೋನಾದ ಮೊದಲನೇ ವರ್ಷ ಖಾಲಿ ಕುರ್ಚಿಗಳ ಮುಂದೆ ಮ್ಯಾಚು ಆಡಿಸಿ ಟೀವಿಯವರು ರೆಕಾರ್ಡು ಮಾಡಿದ ಚಪ್ಪಾಳೆ ಹಾಕುತ್ತಿದ್ದಾಗ ಅವರು ರೇಗಿ, “ಯಾರಿಗೋ ಬೇಕು ಈ ಸುಳ್ಳು ಚಪ್ಪಾಳೆ? ಜನ ಬರೋ ಹಾಗಾಗಲಿ, ಇಬ್ರೂ ಹೋಗಿ ಅಲ್ಲೇ ಕೂತು ನೋಡೋಣ” ಎಂದಿದ್ದರು. ಆ ಮಾತನ್ನು ವಿಶ್ವಾಸ ಜೇಬಿನಲ್ಲಿಟ್ಟುಕೊಂಡು ಶನಿವಾರ ಬೆಳಿಗ್ಗೆ ಬೆಂಗಳೂರಿನ ಬಸ್ ಹತ್ತಿದ. ದೊಡ್ಡಪ್ಪನ ಆಸೆಯನ್ನೇ ನಡೆಸಿಕೊಡುತ್ತಿದ್ದೇನೆ ಎಂದು ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಅವನಿಗೇ ನಂಬಿಕೆ ಬಂದಿತ್ತು.

ಸ್ಟೇಡಿಯಮ್ಮಿನಲ್ಲಿ ಜನವೋ ಜನ. ಮಾಸ್ಕುಗಳೆಲ್ಲ ಗಲ್ಲಕ್ಕೆ ಇಳಿದಿದ್ದವು. ಗುರುತಿಲ್ಲದವರು ಗುರುತಿಲ್ಲದವರ ಹೆಗಲ ಮೇಲೆ ಕೈಹಾಕಿ ಕೂಗುತ್ತಿದ್ದರು. ಎರಡು ವರ್ಷದಿಂದ ಗಂಟಲಲ್ಲಿ ಕಟ್ಟಿಕೊಂಡಿದ್ದುದೆಲ್ಲ ಹೊರಗೆ ಬಂದಂತಾಗಿ ವಿಶ್ವಾಸ ಒಂದು ಬೌಂಡರಿಗೆ ನಿಜವಾಗಿಯೂ ಅತ್ತ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ರಜನೀಶ ಒಂದು ರಟ್ಟು, ದಪ್ಪ ಮಾರ್ಕರ್ ತಂದಿದ್ದ. “ಏನಾದ್ರೂ ಸೆಂಟಿಮೆಂಟ್ ಬರಿಯೋ, ಕ್ಯಾಮೆರಾ ನಮ್ಮ ಮೇಲೇ ಬರುತ್ತೆ” ಎಂದ. ವಿಶ್ವಾಸ ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮುತ್ತು ಪೋಣಿಸಿದ ಹಾಗೆ ಬರೆದ: ‘ದೊಡ್ಡಪ್ಪ, ಈ ಮ್ಯಾಚು ನಿಮಗಾಗಿ.’

ಕ್ಯಾಮೆರಾ ಬಂತು. ಬಂದದ್ದು ಹೋಗಲೇ ಇಲ್ಲ. ದೊಡ್ಡ ಪರದೆಯ ಮೇಲೆ ತನ್ನದೇ ಮುಖ ಕಂಡು ಇವನು ರಟ್ಟನ್ನು ತಲೆಯ ಮೇಲೆತ್ತಿ ಕುಣಿದ. ಕಾಮೆಂಟರಿಯವರು ಕನ್ನಡದಲ್ಲಿ, “ನೋಡಿ, ಅಗಲಿದ ದೊಡ್ಡಪ್ಪನಿಗಾಗಿ ಬಂದಿದ್ದಾನೆ, ಇಂಥ ಮಗ ಎಲ್ಲರಿಗೂ ಇರಲಿ” ಎಂದರಂತೆ. ಅದನ್ನು ರಜನೀಶನ ಹೆಂಡತಿ ಮನೆಯಿಂದ ಫೋನ್ ಮಾಡಿ ಹೇಳಿದಳು. ಅದಾದ ಸ್ವಲ್ಪ ಹೊತ್ತಿಗೆ ವಿಶ್ವಾಸನ ಫೋನಿಗೆ ಹಂಸಳ ಮೆಸೇಜು ಬಂತು.

‘ಅಣ್ಣ, ಅಮ್ಮ ಟೀವಿ ನೋಡ್ತಾ ಇದ್ಲು.’

ಅಷ್ಟೇ. ಬೈಗುಳವಿಲ್ಲ, ಪ್ರಶ್ನೆಯಿಲ್ಲ. ಸುತ್ತ ಸಾವಿರಾರು ಜನ ಎದ್ದು ಕೂಗುತ್ತಿದ್ದಾಗ ವಿಶ್ವಾಸ ಮಾತ್ರ ರಟ್ಟನ್ನು ಕಾಲ ಕೆಳಗೆ ಹಾಕಿಕೊಂಡು ಕೂತುಬಿಟ್ಟ. ಮ್ಯಾಚಿನಲ್ಲಿ ಆಮೇಲೆ ಏನಾಯಿತೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಭಾನುವಾರ ಮೊದಲ ಬಸ್ಸಿಗೇ ಹೊರಟ. ಚನ್ನರಾಯಪಟ್ಟಣದಲ್ಲಿ ಇಳಿದು ಹೊಳೆನರಸೀಪುರದ ಬಸ್ಸು ಹಿಡಿಯಬೇಕು. ಹಾಸನದ ಬಸ್ಸು ಪಕ್ಕದಲ್ಲೇ ನಿಂತು ಕರೆಯುತ್ತಿತ್ತು. ಹತ್ತಿ ರೂಮಿಗೆ ಹೋಗಿ ಮುಸುಕು ಹಾಕಿ ಮಲಗಿಬಿಡೋಣ ಎಂದು ಒಂದು ಕಾಲು ಮೇಲಿಟ್ಟೂ ಇಟ್ಟ. ಕಂಡಕ್ಟರು “ಅತ್ರೀ, ಇಲ್ಲಾ ಇಳೀರಿ” ಎಂದು ಗದರಿದ ಮೇಲೆ ಇಳಿದ. ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡ, ಕೊರೋನಾಕ್ಕೆ ಹೆದರಿ ಅಲ್ಲ.

ಮಾಸ್ಕು ಹಾಕಿದರೇನು, ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಎಳನೀರು ರಾಮಣ್ಣನಿಗೆ ಅವನ ನಡಿಗೆಯೇ ಸಾಕು. ಮಚ್ಚು ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದ.

“ಅಯ್ಯೋ ಸಾ, ಜ್ವರ ಇಟ್ಕಂಡು ಬಸ್ನಾಗೆ ಬಂದ್ರಾ? ಒಂದ್ ಫೋನ್ ಆಕಿದ್ರೆ ನಾನೇ ಆಟೋ ತತ್ತಿರ್ನಿಲ್ವಾ?”

ವಿಶ್ವಾಸ ತಲೆ ತಗ್ಗಿಸಿ ದಾಟಿಹೋಗಲು ನೋಡಿದ.

“ನಿನ್ನೆ ಟೀವೀಲಿ ನಿಮ್ಮಂಗೇ ಇರೋನೊಬ್ಬನ್ನ ತೋರ್ಸುದ್ರು ಕಣ್ ಸಾ. ಅದೇ ಮೂಗು, ಅದೇ ಹಲ್ಲು! ನಮ್ ಚಿಕ್ಕಲಕ್ಷ್ಮಮ್ಮ ಆಲು ಆಕಕ್ಕೋಗಿದ್ಲು, ಕಿಟ್ಕೀಲಿ ಟೀವಿ ಕಂಡು, ಇದು ನಿಮ್ ವಿಸ್ವಾಸಪ್ಪ ಅಲ್ವಾ ಅವ್ವಾ ಅಂದ್ಲಂತೆ. ಗೋದಮ್ಮೋರು ಎಂಗ್ ಬೈದವ್ರೆ ಅಂದ್ರೆ! ನನ್ ಮಗ ಜ್ವರ್ದಲ್ಲಿ ಒರಗವ್ನೆ, ಕುಣಿಯೋ ಕೋತಿ ತೋರ್ಸಿ ಅವ್ನು ಅಂತೀಯಾ, ಅಂತ. ದೇವ್ರ ಮುಂದೆ ದೀಪ ಮುಟ್ಟಿ ಆಣೆ ಇಟ್ರಂತೆ ಸಾ. ಆಮೇಕೆ ಚಿಕ್ಕಲಕ್ಷ್ಮಮ್ಮನೇ ತಪ್ಪಾಯ್ತು ಅಂದ್ ಬಂದ್ಲು.”

ಗೋದಮ್ಮ ಸುಳ್ಳು ಹೇಳಿದಳು ಎಂದರೆ ಆ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ರೇಷನ್ ಕಾರ್ಡಿನವರು ವಿಚಾರಣೆಗೆ ಬಂದಾಗ ಕೇಳುವ ಮೊದಲೇ ಒಳಗೆ ಕರೆದು ಫ್ರಿಜ್ಜು ತೋರಿಸಿ ಕಾರ್ಡು ಕಳೆದುಕೊಂಡ ಹೆಂಗಸು ಅವಳು. ಮೇಷ್ಟ್ರು ಅದಕ್ಕಾಗಿ ಆರು ತಿಂಗಳು ರೇಗಿಸಿದ್ದರು. ಅಂಥವಳು ದೀಪ ಮುಟ್ಟಿದಳು. ರಾಮಣ್ಣ ಎರಡು ಎಳನೀರು ಕೆತ್ತಿ ನೆಲದ ಮೇಲಿಟ್ಟು ದೂರ ಸರಿದು, “ಕಾಸ್ ಬ್ಯಾಡ, ಬ್ಯಾಗ ಉಸಾರಾಗಿ” ಎಂದ. ವಿಶ್ವಾಸನಿಗೆ ಅವನ್ನು ಎತ್ತಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಗೋದಮ್ಮ ಬಾಗಿಲಲ್ಲೇ ತಡೆದಳು. “ಹಿತ್ತಿಲಿಂದ ಬಾ.”

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ವಿಶ್ವಾಸ ಅವಳ ಕಾಲಿಗೆ ಬಗ್ಗಿದ. ಅವಳು ಹಿಂದಕ್ಕೆ ಸರಿದಳು.

“ಮುಟ್ಟಬೇಡ. ಪಾಸಿಟಿವ್ ನೀನು.”

“ದೊಡ್ಡಮ್ಮ, ತಪ್ಪಾಯ್ತು…”

“ಗುರುವಾರ ಎಲ್ಲಿದ್ದೆಯೋ ನೀನು?” ಗೋದಮ್ಮ ಧ್ವನಿ ಎತ್ತಲಿಲ್ಲ. “ಇದೇ ಮನೇಲಿ. ನನ್ನ ಪಕ್ಕದಲ್ಲಿ ಕೂತು ಊಟ ಮಾಡ್ದೆ. ಮುರಳೀಕೃಷ್ಣ ಎದುರಿಗಿದ್ದ. ನೀನು ಪಾಸಿಟಿವ್ ಅಂದ್ಮೇಲೆ ನಾನು ಸುಮ್ಮನಿರಕ್ಕಾಗುತ್ತಾ? ಅವನಿಗೆ ಹೇಳ್ದೆ. ಅವನು ಚನ್ನರಾಯಪಟ್ಟಣದಲ್ಲಿ ಒಂದು ಉಪನಯನ ಒಪ್ಕೊಂಡಿದ್ದ. ಮನೆ ತುಂಬ ವಯಸ್ಸಾದವರು ಇದ್ದಾರೆ ಅಂತ ಬಿಟ್ಟುಬಿಟ್ಟ. ಅಡುಗೆಯವರು ಬರಲಿಲ್ಲ. ಹಂಸ ಬೇಡ ಅಂದ್ರೂ ಕೇಳದೆ ಕೂಸು ಎತ್ಕೊಂಡು ಮೈಸೂರಿಂದ ಬಂದ್ಲು. ಗೇಟಿಂದಾಚೆ ನಿಲ್ಲಿಸಿ ವಾಪಸ್ ಕಳಿಸ್ದೆ ಕಣೋ. ಆ ಮಗು ನನ್ನ ನೋಡಿ ಕೈ ಚಾಚ್ತು.”

ಇದನ್ನೇ ಅವನು ಯೋಚಿಸಿರಲಿಲ್ಲ. ತಾನೊಬ್ಬ ಪಾಸಿಟಿವ್ ಎಂದರೆ ತಾನು ಮುಟ್ಟಿದವರೆಲ್ಲ ಬಾಗಿಲು ಹಾಕಿಕೊಳ್ಳಬೇಕು ಎಂಬುದು ಎರಡು ವರ್ಷದಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತಾಗಿತ್ತು. ಕಚೇರಿಯಲ್ಲಿ ಕೂತು ಅಂಥ ಸುತ್ತೋಲೆಗಳನ್ನು ಟೈಪು ಮಾಡಿದವನಿಗೆ ಗೊತ್ತಾಗಲಿಲ್ಲ.

“ಅವರ ತಿಥಿ ದಿನ ಕಾಗೆಗೆ ಒಂದು ಹಿಡಿ ಅನ್ನ ಇಟ್ಟೆ, ಅಷ್ಟೇ. ಇವನನ್ನೂ ಕರ್ಕೋಬೇಡಪ್ಪ ಅಂತ ನರಸಿಂಹನಿಗೆ ತುಪ್ಪದ ದೀಪ ಹಚ್ಚಿದೆ. ಸಂಜೆ ಒಬ್ಬಳೇ ಇರಕ್ಕಾಗದೆ, ಅವರಿದ್ದಿದ್ರೆ ನೋಡ್ತಿದ್ರಲ್ಲ ಅಂತ ಟೀವಿ ಹಾಕ್ದೆ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಅವರ ಹೆಸರು ಹಿಡ್ಕೊಂಡು ಕುಣೀತಿದ್ಯಲ್ಲೋ. ಚಿಕ್ಕಲಕ್ಷ್ಮಮ್ಮನ ಮುಂದೆ ನಾನು ಅದೇ ತುಪ್ಪದ ದೀಪ ಮುಟ್ಟಿದೆ.”

ನಾಚಿಕೆಯಿಂದ ವಿಶ್ವಾಸನಿಗೆ ಮೈಯೆಲ್ಲ ಬಿಸಿಯಾಯಿತು. ಆಗ ಜ್ವರ ನೋಡಿದ್ದರೆ ಇರುತ್ತಿತ್ತೇನೋ. “ನಾನೇ ಹೋಗಿ ಮುರಳೀಕೃಷ್ಣರಿಗೆ ನಿಜ ಹೇಳ್ತೀನಿ. ಬೀದಿಯವರಿಗೂ ಹೇಳ್ತೀನಿ” ಎಂದ.

“ಹೇಳು. ಹೇಳಿ ನಿನ್ನ ಮನಸ್ಸು ಹಗುರ ಮಾಡ್ಕೋ. ದೀಪ ಮುಟ್ಟಿದ ನನ್ನ ಗತಿ? ಈ ಮನೆಯವರು ತಿಥಿ ತಪ್ಪಿಸಕ್ಕೆ ರೋಗ ಕಟ್ಟಿದ್ರು ಅಂತ ಗೊತ್ತಾದ್ರೆ ಅಮಾವಾಸ್ಯೆಗೆ ಯಾರು ಬರ್ತಾರೋ ಇಲ್ಲಿಗೆ? ನಿನ್ನ ದೊಡ್ಡಪ್ಪ ಒಂದು ವರ್ಷದಿಂದ ಕಾಯ್ತಾ ಇದ್ದಾರೆ.” ನಡುಮನೆಯ ಕಡೆ ಕೈ ತೋರಿಸಿದಳು. “ಬೀದಿ ಕಡೆ ರೂಮಿಗೆ ಹೋಗು. ಏಳು ದಿನ ಹೊರಗೆ ಬರಬೇಡ. ಜ್ವರ ಅಂದ್ಯಲ್ಲ, ಅನುಭವಿಸು.”

ಆ ರೂಮಿನಲ್ಲೇ ಮೇಷ್ಟ್ರು ಆಂಬುಲೆನ್ಸ್ ಬರುವವರೆಗೆ ಮಲಗಿದ್ದದ್ದು. ಮಂಚ ಅದೇ. ಆಗ ವಿಶ್ವಾಸ ಬಾಗಿಲಾಚೆ ಚಾಪೆ ಹಾಕಿಕೊಂಡು ಕೂತಿರುತ್ತಿದ್ದ. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ಮೊದಲು ಒಣಕೆಮ್ಮು, ಆಮೇಲೆ ಉದ್ದಕ್ಕೆ ಎಳೆದು ಕೊನೆಯಲ್ಲಿ ಸಿಳ್ಳೆಯಂತೆ ಉಸಿರು. ಕೆಮ್ಮು ನಿಂತಾಗಲೆಲ್ಲ ಅವರು ಒಳಗಿನಿಂದ, “ಸ್ಕೋರ್ ಎಷ್ಟಾಯ್ತೋ?” ಎಂದು ಕೇಳುತ್ತಿದ್ದರು.

ಗೋದಮ್ಮ ತಟ್ಟೆಯನ್ನು ಬಾಗಿಲ ಸಂದಿಯಿಂದ ತಳ್ಳಿ ಹೋಗುತ್ತಿದ್ದಳು. ಒಂದು ಮಾತಿಲ್ಲ. ಅದು ಹೇಗೋ ನುಂಗಬಹುದಿತ್ತು. ನುಂಗಲಾಗದ್ದು ಬೀದಿಯವರ ಒಳ್ಳೆಯತನ. ಚಿಕ್ಕಲಕ್ಷ್ಮಮ್ಮ ಅಮೃತಬಳ್ಳಿ ಕಷಾಯ ತಂದು ಕಿಟಕಿಯ ಮೇಲಿಟ್ಟು, “ಕುಡೀರಪ್ಪ, ಪಾಪಿ ಮುಂಡೇದು ನಾನು, ನಿಮ್ಮ ಮ್ಯಾಲೆ ಅನುಮಾನ ಪಟ್ನಲ್ಲಾ” ಎಂದು ಕಣ್ಣೊರೆಸಿಕೊಂಡಳು. ಕಷಾಯ ಹಾಳು ಕಹಿ. ವಿಶ್ವಾಸ ಒಂದು ಹನಿ ಬಿಡದೆ ಕುಡಿದ. ರಾಮಣ್ಣನ ಎಳನೀರು ದಿನಾ ಬಂತು. ಥೂ, ಬೈಯಬಾರದೇ ಇವರು, ಮುಖಕ್ಕೆ ಉಗಿಯಬಾರದೇ ಎಂದು ಅವನು ಗೋಡೆಗೆ ಹಣೆ ಚಚ್ಚಿಕೊಂಡ.

ಬುಧವಾರ ಸಂಜೆ ಮುರಳೀಕೃಷ್ಣ ಬಂದರು. ಬೀದಿಯಲ್ಲೇ ನಿಂತು, ಪ್ರಸಾದದ ಪೊಟ್ಟಣವನ್ನು ಕಿಟಕಿಯ ಮೇಲಿಟ್ಟು, ಹಿಂದೆ ಸರಿದರು.

“ವಿಶ್ವಾಸ, ನಾನಪ್ಪ. ನಾನು ಟೆಸ್ಟ್ ಮಾಡಿಸ್ಕೊಂಡೆ, ಏನೂ ಇಲ್ಲ. ‘ನನ್ನಿಂದ ಅವರಿಗೂ ಬಂತೇನೋ’ ಅಂತ ನೀನು ಕೊರಗ್ತಿರ್ತೀಯ ಅಂತ ಹೇಳಕ್ಕೆ ಬಂದೆ. ಉಪನಯನ ಬಿಡು, ಬೇರೆಯವರು ಮಾಡಿದ್ರು. ನಿನ್ನ ಹೆಸರಲ್ಲಿ ಮೂರು ದಿನದಿಂದ ಅರ್ಚನೆ ಮಾಡ್ತಿದೀನಿ. ಅಮಾವಾಸ್ಯೆಗೆ ನಾನೇ ನಿಂತು ಮೇಷ್ಟ್ರ ಕಾರ್ಯ ಮಾಡಿಸ್ತೀನಿ, ಆಯ್ತಾ? ಕೆಮ್ಮು ಹೇಗಿದೆ?”

ವಿಶ್ವಾಸ ಎದ್ದು ಕಿಟಕಿಯ ಸರಳು ಹಿಡಿದ. ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದ. ಹಿಂದೆ ಬಾಗಿಲು ಕಿರುಗುಟ್ಟಿತು. ಸಂದಿಯಲ್ಲಿ ಗೋದಮ್ಮ ತಟ್ಟೆ ಹಿಡಿದು ನಿಂತಿದ್ದಳು. ಇಷ್ಟು ವರ್ಷ ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸು ಬೀದಿಗೆ ಕಾಣದ ಹಾಗೆ ಬಾಗಿಲಿಗೆ ಅರ್ಧ ಮರೆಯಾಗಿದ್ದಳು. ಅವಳು ಬೇಡ ಎನ್ನಲಿಲ್ಲ. ಸುಮ್ಮನೆ ಅವನನ್ನು ನೋಡುತ್ತಿದ್ದಳು.

ವಿಶ್ವಾಸ ಕೆಮ್ಮಿದ.

ಅವನಿಗೆ ಗೊತ್ತಿದ್ದದ್ದು ಒಂದೇ ಕೆಮ್ಮು. ಮೊದಲು ಒಣಗಿ, ಆಮೇಲೆ ಉದ್ದಕ್ಕೆ ಎಳೆದು, ಕೊನೆಯಲ್ಲಿ ಸಿಳ್ಳೆಯಂತೆ ಉಸಿರು. ಅದೇ ಮಂಚದ ಪಕ್ಕದಲ್ಲಿ, ಅದೇ ಗೋಡೆಗಳ ನಡುವೆ, ದೊಡ್ಡಪ್ಪನ ಕೆಮ್ಮನ್ನು ಅವನು ಒಂದು ತಪ್ಪಿಲ್ಲದೆ ಕೆಮ್ಮಿದ. ಗೋದಮ್ಮನ ಕೈಯಿಂದ ತಟ್ಟೆ ಜಾರಿ ಅನ್ನ ನೆಲದ ತುಂಬ ಚೆಲ್ಲಿತು.

“ಸಾಕು ಕಣೋ,” ಎಂದಳು. “ಸಾಕು, ನಿಲ್ಲಿಸೋ.”

ಅಷ್ಟರಲ್ಲಿ ಅದು ಕೆಮ್ಮಾಗಿ ಉಳಿದಿರಲಿಲ್ಲ. ವಿಶ್ವಾಸ ಸರಳು ಹಿಡಿದುಕೊಂಡೇ ಕುಸಿದು ಕೂತು ಬಿಕ್ಕಳಿಸಿ ಅಳುತ್ತಿದ್ದ, ಏನು ಮಾಡಿದರೂ ನಿಲ್ಲಿಸಲಾಗುತ್ತಿರಲಿಲ್ಲ. ಗೋದಮ್ಮ ಅನ್ನ ತುಳಿದುಕೊಂಡೇ ಒಳಗೆ ಬಂದು ಅವನ ತಲೆಯನ್ನು ಎದೆಗೊತ್ತಿಕೊಂಡಳು.

ಬೀದಿಯಿಂದ ಮುರಳೀಕೃಷ್ಣ ಗಾಬರಿಯಾಗಿ ಕೂಗಿದರು: “ಗೋದಮ್ಮನವರೇ, ಹುಷಾರು! ಅವನ ಹತ್ತಿರ ಹೋಗಬೇಡಿ!”